ಕೂದಲ ನಡುವಿನ ಬಯಲು

ರಾತ್ರಿ ಪಾಳಿ ಮುಗಿಯುವ ಹೊತ್ತಿಗೆ
ಮಷೀನಿನಿಂದ ಇಳಿದು ಬಂದ ಹಳೆಯ ಜಪಾನಿನ ಯೋಧ.
ಪ್ಲೇಟಿನ ಖರ್ಚು ಪಗಾರದಲ್ಲಿ ಹಿಡಕೊಳ್ಳಿರಿ ಅಂದಿದ್ದೆ,
ಮಾಲಕರು ನಕ್ಕು, ಹಾಳೆ ಮಾತ್ರ ರದ್ದಿಯದು ತಗೋ ಅಂದಿದ್ದರು.

ಹಿಮದಲ್ಲಿ ಮಂಡಿಯೂರಿದ್ದಾನೆ. ಬೆನ್ನಿಗೆ ಐದು ಬಾಣ.
ಬಿಚ್ಚಿದ ಕೂದಲನ್ನು ತಾನೇ ಹಲ್ಲಲ್ಲಿ ಕಚ್ಚಿದ್ದಾನೆ.
ಕಣ್ಣೆರಡೂ ಮೂಗಿನ ಕಡೆ ಓಡಿ ಬಂದು ನಿಂತಿವೆ,
ಸಿಟ್ಟಿಗೋ, ಸಂಕಟಕ್ಕೋ.
ಕೆಂಪು ಒಂದೆಳೆ ಸರಿದು
ತುಟಿ ಬಿಟ್ಟು ಗದ್ದದ ಮೇಲೆ ಕೂತಿತ್ತು.
ಲಗ್ನಪತ್ರಿಕೆಯಾಗಿದ್ದರೆ ಬೈಸಿಕೊಳ್ಳುತ್ತಿದ್ದೆ.
ಯುದ್ಧದಲ್ಲಿದ್ದವನಿಗೆ ನಡೆಯುತ್ತದೆ.

ಶಹಾಪುರದ ಬಾಡಿಗೆ ಮನೆ.
ದೇಸೂರಕರ ಬಾಯಿಯ ಕರಾರು: ಗೋಡೆಗೆ ಒಂದೇ ಮೊಳೆ.
ಆ ಒಂದರಲ್ಲಿ ಕ್ಯಾಲೆಂಡರ್ ಇತ್ತು.
ಕ್ಯಾಲೆಂಡರ್ ಅಡುಗೆಮನೆಯ ಚಿಲಕಕ್ಕೆ ಹೋಯಿತು,
ಕಸ್ತೂರಿ ಎರಡು ದಿನ ಮಾತಾಡಲಿಲ್ಲ.
ಮೂರನೆಯ ದಿನ ಕತ್ತಿಯ ಮೊನೆ ದೇವರ ಜಗಲಿಯ ಕಡೆ ಐತಿ ಅಂದಳು.
ಹಾಗಾಗಿ ಎದುರು ಗೋಡೆ. ಮೊಳೆಯೂ ಸರಿಯಿತು,
ಹಳೆಯ ತೂತಿಗೆ ಹಲ್ಲುಪುಡಿ ಮೆತ್ತಿದೆವು.
ಸಿಲಿಂಡರ್ ತಂದ ಹುಡುಗ ಚಪ್ಪಲಿ ಬಿಟ್ಟು ಕೇಳಿದ,
ಇವರು ಯಾವ ಊರಿನ ದೇವರ್ರೀ?
ಮಗಳು ರೇವತಿ ಅಂದಳು, ದೇವರಲ್ಲ, ಹಲ್ಲುನೋವಿನ ಮಾಮಾ.

ಕಣ್ಣಿನ ಪೊರೆ ತೋರಿಸಲು ಗೋಕಾಕದಿಂದ
ತುಳಜಪ್ಪ ಕಾಕಾ ಬಂದ.
ಐವತ್ತು ವರ್ಷ ಕಟ್ಟಿಗೆಯಲ್ಲಿ ಹಣ್ಣು ಮಾಡಿದವನು;
ಅವನ ಬಾಳೆಹಣ್ಣನ್ನು ಬೀಗರೊಬ್ಬರು
ಸುಲಿಯಲು ಹೋಗಿ ಉಗುರು ಮುರಿದುಕೊಂಡದ್ದು
ಈಗಲೂ ಮದುವೆಮನೆಯಲ್ಲಿ ಹೇಳುತ್ತಾರೆ.

ಚಹಾ ಆರಿತು. ಕಾಕಾ ಗೋಡೆ ಬಿಟ್ಟು ಏಳಲಿಲ್ಲ.
ಇದು ಹ್ಯಾಂಗ ಮಾಡ್ಯಾರೋ?
ಒಬ್ಬ ಬರದಾನ, ಒಬ್ಬ ಹಲಗಿ ಕೊರದಾನ, ಒಬ್ಬ ಒತ್ಯಾನ.
ಮೂಲಿಯಾಗ ಕೆಂಪಗ ಇರೋದು ಯಾರ ಹೆಸರು?
ಬರದವನದು.
ಕೊರದವನದು?
ನನಗೆ ಗೊತ್ತಿರಲಿಲ್ಲ.

ಮುಖ ಹತ್ತಿರ ಒಯ್ದ,
ಉಸಿರು ತಾಗಿ ಯೋಧನ ಹಿಮ ಮಂಜಾಗುವಷ್ಟು.
ಕೂದಲಾ ನೋಡಲೇ, ಅಂದ.
ಅಂವಾ ಕೂದಲಾ ಕೊರದಿಲ್ಲ.
ಕೂದಲಾ ಬಿಟ್ಟು ನಡುವಿನ ಬಯಲು ಕೊರದಾನ.
ಒಂದು ಸರೆ ಉಸಿರು ತಪ್ಪಿದ್ರ
ಮಂದಿ ಕಾಣೋದು ಹೋಗಿರ್ತಿತ್ತು.

ಹಿಂಬದಿ ತೋರಿಸು. ಒತ್ತಿದ ಗುರುತು ಇರತಾವು.
ಇದು ನಕಲು ಕಾಕಾ, ಹಿಂದೆ ಏನೂ ಇರೂದಿಲ್ಲ
ಅನ್ನುತ್ತಲೇ ಚೌಕಟ್ಟು ಬಿಚ್ಚಿದೆ.
ಇತ್ತು. ರದ್ದಿಯ ಹಾಳೆಯಲ್ಲವೇ:
ಚಿ.ಸೌ. ಶಾರಾವತಿ ಎಂದು ಕಾಲ್ಗುಣಿತ ತಪ್ಪಿದ ವಧು,
ಗೋಧೂಳಿ ಲಗ್ನ, ಊಟದ ವೇಳೆ,
ಕೆಳಗೆ ಸಣ್ಣ ಅಕ್ಷರದಲ್ಲಿ
ನಮ್ಮ ಅತ್ಯಾನ ಮದುವೆಗೆ ತಪ್ಪದೇ ಬರ್ರಿ.
ಕಾಕಾ ನಕ್ಕು ನಕ್ಕು ಕೆಮ್ಮಿದ.
ಪಾಪ, ಬೆನ್ನಿಗೆ ಬಾಣ ಅಲ್ಲ, ಆಮಂತ್ರಣ ನಟ್ಟೈತಿ.

ಪೊರೆ ಇನ್ನೂ ಬಲಿತಿಲ್ಲವೆಂದು ಡಾಕ್ಟರು ಮರಳಿ ಕಳಿಸಿದರು.

ಶ್ರಾವಣ ಕಳೆದ ಮೇಲೆ ಒಂದು ಸಂಜೆ
ಗೋಕಾಕ ಬಸ್ಸಿನ ಕಂಡಕ್ಟರ್ ಕೈಯಲ್ಲಿ ಒಂದು ಕಟ್ಟು.
ಹಳೆಯ ಪೇಪರು, ಸೆಣಬಿನ ಹುರಿ, ಒಳಗೆ ಅಂಗೈಯಗಲ ಹಲಗೆ.
ಯೋಧನಿಲ್ಲ, ಬಾಣವಿಲ್ಲ.
ಹನ್ನೊಂದು ಕೂದಲು ಮಾತ್ರ, ಉಲ್ಟಾ,
ಗಾಳಿಗೆ ಬಾಗಿದ ಹಾಗೆ.

ಎಲ್ಲರೂ ಹೋದ ಮೇಲೆ ಪ್ರೆಸ್ಸಿನಲ್ಲಿ
ಕರಿಮಸಿ ಹಚ್ಚಿ, ಹಾಳೆ ಹೊದಿಸಿ
ಊಟದ ಚಮಚೆಯ ಬೆನ್ನಿನಿಂದ ತಿಕ್ಕಿದೆ.
ಇಪ್ಪತ್ತಾರು ವರ್ಷದ ಮಷೀನು ಪಕ್ಕದಲ್ಲಿ ಸುಮ್ಮನಿತ್ತು.
ಎತ್ತಿದರೆ ಹತ್ತು ಕೂದಲು ಇಡಿಯಾಗಿ,
ಒಂದು ನಡುವೆ ಕಡಿದು.

ಫೋನು ಮಾಡಿದೆ. ಬಂತು ಕಾಕಾ, ಅಂದೆ.
ಏಳನೇದು ಹರದೈತಿ ಏನು? ಅಂದ.
ಹೂಂ.
ಗೊತ್ತೈತಿ. ಅಲ್ಲಿ ಬಂದಾಗ ಕತ್ತಲಾತು.

ಅಡುಗೆಮನೆಯಲ್ಲಿ ಕಸ್ತೂರಿ ಕಣಕದ ಅಂಟು ಕುದಿಸುತ್ತಿದ್ದಾಳೆ.
ಮೊಳೆ ಒಂದೇ.
ಹಾಳೆಯ ಹಿಂಬದಿ ಮೇಲಾಗಿ ಬಿದ್ದಿದೆ,
ಚಮಚೆಯ ಹೊಳಪು ಹಾದಿ ಹಾದಿಯಾಗಿ.
ಅದರ ಮೇಲೆ ಅಂಟು ಬಳಿಯಲು ನನಗೆ ಕೈ ಬರುತ್ತಿಲ್ಲ.